ಪೂರಾ ನಾಲ್ಕು ಗಂಟೆ

"ಸೂಜಿ ಕೀಳವ್ವ, ಸಾಕು," ಎಂದು ತಿಮ್ಮರಾಯಪ್ಪ ಮಲಗಿದ್ದಲ್ಲಿಂದಲೇ ಒಂದು ಕಾಲು ಕೆಳಗಿಟ್ಟ. "ಎರಡೂವರೆಗೆ ಮಣ್ಣು ಮಾಡ್ತಾರಂತೆ. ಮುಖ ನೋಡ್ಬೇಕು ನಾನು."

ಕಡೂರಿನ ಡಯಾಲಿಸಿಸ್ ಕೋಣೆಯಲ್ಲಿ ಆಗ ಹನ್ನೆರಡೂವರೆ. ಅವನಿಗೆ ಇನ್ನೂ ಒಂದು ಗಂಟೆ ಬಾಕಿ. ಆ ಕೋಣೆಯ ಹಿರಿಯ ಟೆಕ್ನಿಷಿಯನ್ ಓಂಕಾರೇಶ್, ಹಿಂದಿನ ಸಂಜೆ ಎದೆನೋವೆಂದು ಕೂತವರು ಮೇಲೇಳಲಿಲ್ಲ. ನಲವತ್ತಾರು ಸಾಯುವ ವಯಸ್ಸೇ? ಬುಕ್ಕಾಂಬುಧಿಯ ಅವರ ಹೊಲದಲ್ಲಿ ಗುಂಡಿ ತೆಗೆದಾಗಿತ್ತು.

"ಕಾಲು ಮೇಲಿಡಿ ಅಜ್ಜ," ಎಂದಳು ದೀಪಶ್ರೀ. ಓಂಕಾರೇಶರ ಕೈಯಲ್ಲೇ ಕೆಲಸ ಕಲಿತವಳು. ಅಳುವುದಕ್ಕೂ ಪುರುಸೊತ್ತಿಲ್ಲದೆ ಬೆಳಗಿನಿಂದ ಒಬ್ಬಳೇ ಐದು ಮೆಷಿನ್ ನೋಡುತ್ತಿದ್ದಳು. "ಈಗ ಎದ್ರೆ ನೀರೆಲ್ಲ ಮೈಯಲ್ಲೇ ಉಳಿಯುತ್ತೆ. ನಾಳೆ ಉಸಿರು ಕಟ್ಟಿದ್ರೆ ಯಾರ ಮುಖ ನೋಡ್ತೀರಿ?"

ಮುದುಕ ಕಾಲು ಮೇಲಿಟ್ಟ. ಸಿಟ್ಟು ಮಾತ್ರ ಇಳಿಯಲಿಲ್ಲ.

*

ಮೂರು ವರ್ಷದ ಹಿಂದೆ, ಮೊಮ್ಮಗಳ ನಾಮಕರಣದ ದಿನವೂ ಇದೇ ರಂಪ. ಓಂಕಾರೇಶ್ ಸ್ಟೂಲು ಎಳೆದುಕೊಂಡು ಪಕ್ಕ ಕೂತರು.

"ನೋಡಿ ಯಜಮಾನ್ರೇ, ರಕ್ತ ಈ ಪೈಪಲ್ಲಿ ಹೋಗುತ್ತೆ, ಈ ಜರಡೀಲಿ ಕೊಳೆ ಬಿಟ್ಟು ಆ ಪೈಪಲ್ಲಿ ವಾಪಸ್ ಬರುತ್ತೆ. ಕಿಡ್ನಿ ಹಗಲೂ ರಾತ್ರಿ ಮಾಡೋ ಕೆಲ್ಸಾನ ಇದು ನಾಲ್ಕು ಗಂಟೇಲಿ ಮಾಡ್ಬೇಕು ಪಾಪ. ಅದರಲ್ಲೂ ಚೌಕಾಸಿ ಮಾಡ್ತೀರಲ್ಲ. ರಕ್ತಕ್ಕೆ ಮುಹೂರ್ತ ಗೊತ್ತಿಲ್ಲ."

ಮುಗಿದ ಮೇಲೆ ತಾವೇ ಬೈಕಿನಲ್ಲಿ ಹಿರೇನಲ್ಲೂರಿನ ಅವನ ಮನೆಗೆ ಕರೆದೊಯ್ದರು. ಊಟಕ್ಕೆ ಪಕ್ಕದಲ್ಲೇ ಕೂತು, ಉಪ್ಪು ಕೂಡದೆಂದು ಅವನ ಎಲೆಯ ಉಪ್ಪಿನಕಾಯಿಯನ್ನು ಎತ್ತಿ ತಮ್ಮ ಎಲೆಗೆ ಹಾಕಿಕೊಂಡರು.

*

ಒಂದೂವರೆಗೆ ದೀಪಶ್ರೀ ಸೂಜಿ ಕಿತ್ತು, ರಕ್ತ ನಿಲ್ಲುವತನಕ ಒತ್ತಿ ಹಿಡಿದು, ಬಿ.ಪಿ. ನೋಡಿ ಅವನನ್ನು ಬೆಳಗಿನ ಸರದಿಯ ಉಳಿದ ರೋಗಿಗಳ ಜೊತೆ ಓಮ್ನಿ ಹತ್ತಿಸಿದಳು. ಅವಳು ಬರುವಂತಿರಲಿಲ್ಲ, ಎರಡನೇ ಸರದಿಯವರು ಆಗಲೇ ತೂಕ ನೋಡಿಸಿಕೊಂಡು ಕೂತಿದ್ದರು.

"ಇನ್ನೊಸಿ ಒತ್ತೋ ಕನಕರಾಜು," ಎಂದು ತಿಮ್ಮರಾಯಪ್ಪ ದಾರಿಯುದ್ದಕ್ಕೂ ಡ್ರೈವರನ ಬೆನ್ನು ತಟ್ಟಿದ. ಅಜ್ಜಂಪುರದಲ್ಲೇ ಎರಡೂವರೆ ದಾಟಿತು.

ಹೊಲದಲ್ಲಿ ಜನ ಸುಮ್ಮನೆ ನಿಂತಿದ್ದರು. ಗುಂಡಿಯೊಳಗಿನ ಗೂಡಿನಲ್ಲಿ, ಲಿಂಗಾಯತರ ಪದ್ಧತಿಯಂತೆ, ಓಂಕಾರೇಶ್ ಹಣೆತುಂಬ ವಿಭೂತಿ ಬಳಿದುಕೊಂಡು ಕೂತಿದ್ದರು. ಮುಖ ಇನ್ನೂ ಕಾಣುತ್ತಿತ್ತು. ಸಾವಿನ ಮನೆಯಲ್ಲಿ ಹಿಗ್ಗಬಾರದು; ಆದರೂ ತಿಮ್ಮರಾಯಪ್ಪ ಹಿಗ್ಗಿದ.

"ಮುಕ್ಕಾಲು ಗಂಟೆಯಿಂದ ಕಾಯ್ತಿದೀವಿ ಕಣ್ರೀ," ಎಂದು ಓಂಕಾರೇಶರ ದೊಡ್ಡಪ್ಪ ಪಂಚಾಕ್ಷರಪ್ಪ ಗೊಣಗಿದರು. "ಬೆಳಗಿನ ಸರದಿಯೋರು ಬರೋಗಂಟ ಮಣ್ಣು ಹಾಕ್ಬೇಡಿ ಅಂತ ನಮ್ಮ ಸೊಸೆ ಹಟ."

ಓಂಕಾರೇಶರ ಹೆಂಡತಿ ಅನುಪಮಾ ತಲೆಯೆತ್ತಿದಳು. "ಅರ್ಧಕ್ಕೇ ಎದ್ದು ಬಂದ್ರಾ?"

"ಇಲ್ಲ ಕಣವ್ವ. ಪೂರಾ ನಾಲ್ಕು ಗಂಟೆ."

ಅವಳು ದೊಡ್ಡಪ್ಪನ ಕಡೆ ತಿರುಗಿದಳು. "ಇನ್ನು ಹಾಕಿ."

ತಿಮ್ಮರಾಯಪ್ಪ ಮೂರು ಹಿಡಿ ಮಣ್ಣು ಹಾಕಿದ. ಮತ್ತೆ ಬಗ್ಗಿ ಇನ್ನೊಂದು ಹಿಡಿ ತೆಗೆದ.

"ಮೂರಾಯ್ತಲ್ಲ," ಎಂದರು ಪಂಚಾಕ್ಷರಪ್ಪ.

"ಇದು ನಂದಲ್ಲ. ಅಲ್ಲಿ ಮೆಷಿನ್ ಬಿಟ್ಟು ಬರೋಕಾಗ್ದೆ ನಿಂತವ್ಳಲ್ಲ, ಆ ಹುಡುಗೀದು," ಎಂದು ಅವನು ಬೆರಳು ಸಡಿಲಿಸಿದ.