ಹಾಳೆಯಡಿಯ ನೆಲ

ಅವನು ಮಂಡಿಯೂರಿ ಕೂತು ಟೇಪಿನ ತುದಿಗೆ ಉಗುರು ಹಾಕಿದ, ಆದರೆ ಎಳೆಯಲಿಲ್ಲ. ಗ್ಯಾರೇಜಿನ ಹೊಸ ಸಿಮೆಂಟು ನೆಲಕ್ಕೆ ಅವನೇ ಅಂಟಿಸಿದ್ದ ಕಪ್ಪು ಪ್ಲಾಸ್ಟಿಕ್ ಹಾಳೆ ಅದು. ನಾಲ್ಕೂ ಕಡೆ ಟೇಪು ಬಿಗಿದು ಒಂದೆರಡು ದಿನ ಬಿಟ್ಟಾಗ, ನೆಲದಲ್ಲಿ ತೇವವಿದ್ದರೆ ಹಾಳೆಯಡಿ ಹನಿಗಟ್ಟುತ್ತದೆ. ಹನಿ ಇಲ್ಲದಿದ್ದರೆ ಅಕ್ಕನಿಗೆ ಕೋಣೆ ಸಿದ್ಧ. ಇದ್ದರೆ ಏನು ಗತಿ ಎಂದು ನೆನೆದೇ ಅವನು ತಡೆದಿದ್ದ.

ಅಕ್ಕನ ಶ್ವಾಸಕೋಶ ಆಗಲೇ ಎರಡು ಸಲ ಕೈಕೊಟ್ಟಿತ್ತು. ತೇವದ ಕೋಣೆಯಲ್ಲಿ ಮಲಗಿಸಿದರೆ ಮುಂದಿನ ಸಲ ನನ್ನ ಕೈಯಲ್ಲೇನೂ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅದಕ್ಕೇ ಅವನು ಗ್ಯಾರೇಜನ್ನು ಅವಳ ಕೋಣೆಯಾಗಿಸಲು ಅದರ ಹಳೆಯ ನೆಲ ಅಗೆದ. ಮಣ್ಣಿನ ತೇವ ತಡೆಯಲು ದಪ್ಪ ಪ್ಲಾಸ್ಟಿಕ್ ಹಾಸಿ, ಅಂಚನ್ನು ಗೋಡೆಯ ಮೇಲೂ ಗೇಣುದ್ದ ಏರಿಸಿ, ಚಳಿ ತಡೆಯಲು ಥರ್ಮಾಕೋಲ್ ಹಲಗೆ ಜೋಡಿಸಿ, ಮೇಲೆ ಸಿಮೆಂಟು ಎಳೆದ. ಗಾರೆಯವನನ್ನು ಕರೆಯದೆ ತಾನೇ ಮಾಡಿದ್ದು, ಅಷ್ಟು ಜಂಬ. ಎಲ್ಲ ಮುಗಿದ ಮೇಲೆ ನೆನಪಾಯಿತು, ಹಲಗೆ ಜೋಡಿಸುವಾಗ ಆ ಪ್ಲಾಸ್ಟಿಕ್ಕಿನ ಮೇಲೆ ಬೂಟು ಹಾಕಿಕೊಂಡೇ ಓಡಾಡಿದ್ದ. ಅಡಿಯಲ್ಲಿ ಒಂದು ಚೂಪು ಕಲ್ಲಿದ್ದರೂ ತೂತಾಗಿರುತ್ತದೆ, ಮಣ್ಣಿನ ತೇವ ಮೇಲೆ ಬಂದೇ ಬರುತ್ತದೆ. ಅವತ್ತಿನಿಂದ ಅವನಿಗೆ ನೆಟ್ಟಗೆ ನಿದ್ದೆಯಿಲ್ಲ.

ಹೆಂಡತಿ ಕೆಟ್ಟವಳಲ್ಲ. ಅಕ್ಕನ ಉಸಿರು ಸಿಳ್ಳೆ ಹೊಡೆದಾಗ ಮೊದಲು ಎದ್ದು ಓಡುವವಳು ಅವಳೇ. ಮೊನ್ನೆ ಅಡುಗೆಮನೆಯಲ್ಲಿ, ಈ ನೆಲವೂ ತೇವ ಎಳೆದರೆ ಅಕ್ಕನನ್ನು ಆರೈಕೆ ಕೇಂದ್ರಕ್ಕೆ ಸೇರಿಸೋಣ, ಅಲ್ಲಾದರೆ ನರ್ಸುಗಳಿರುತ್ತಾರೆ ಎಂದಿದ್ದಳು. ಅವನು ತಲೆಯಾಡಿಸಿದ್ದ. ಅಕ್ಕ ಹಜಾರದ ಸೋಫಾದಲ್ಲಿ ಕಣ್ಣುಮುಚ್ಚಿ ಮಲಗಿದ್ದಳು. ನಿದ್ದೆ ಬಂದಿದೆ ಎಂದುಕೊಂಡಿದ್ದರು ಇಬ್ಬರೂ.

ಉಸಿರು ಬಿಗಿಹಿಡಿದು ಟೇಪು ಕಿತ್ತು ಹಾಳೆ ಮಗುಚಿದ. ಒಣಗಿತ್ತು. ಹೋದ ಜೀವ ಬಂದಂತಾಗಿ, ಹೆಂಡತಿಯನ್ನು ಕೂಗಲು ಬಾಯಿ ತೆರೆದವನು ಹಾಗೇ ಉಳಿದ. ಮೂರು ಅಂಚಿಗೆ ಅವನು ಹಚ್ಚಿದ್ದ ಕಂದು ಟೇಪು, ಗೋಡೆಯ ಕಡೆಯದಕ್ಕೆ ಮಾತ್ರ ಬಿಳಿಯದು. ಆಸ್ಪತ್ರೆಯಲ್ಲಿ ಸೂಜಿ ಅಲುಗಾಡದಂತೆ ಅಕ್ಕನ ಕೈಗೆ ಅಂಟಿಸುತ್ತಿದ್ದ ಪಟ್ಟಿ. ಉಳಿದ ಸುರುಳಿಯನ್ನು ಅವಳು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು.

ಅವನು ಆ ಪಟ್ಟಿಯನ್ನು ಮುಟ್ಟಿ ನೋಡಿದ. ಬಗ್ಗಿದರೆ ಉಸಿರು ಸಿಗದವಳು ಇಲ್ಲಿ ಬಂದು ಮಂಡಿಯೂರಿದ್ದಾಳೆ, ತೇವಕ್ಕೇ ಮುಖವಿಟ್ಟು.

ಹಿಂದಿನಿಂದ ಸಿಳ್ಳೆಯಂಥ ಉಸಿರು ಕೇಳಿಸಿತು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಇನ್ನೊಂದು ಕೈ ಶಾಲಿನೊಳಗೆ.

"ಎರಡು ಹನಿ ಇತ್ತು ಅಷ್ಟೇ ಕಣೋ," ಅಂದಳು. "ಒರೆಸಿಬಿಟ್ಟೆ."

"ಯಾಕಕ್ಕಾ?"

"ಆ ಕೇಂದ್ರದಲ್ಲಿ ನಂಗೆ ಯಾರೂ ಗೊತ್ತಿಲ್ಲ. ಭಯ ಆಗುತ್ತೆ." ತಡೆದು ಉಸಿರೆಳೆದುಕೊಂಡಳು. "ಇಲ್ಲೇ ಇರ್ತೀನಿ. ಕೆಮ್ಮಿದ್ರೂ ಸದ್ದು ಮಾಡಲ್ಲ."

ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರಿ ಇವಳ ತೋಳು ತಬ್ಬಿಕೊಂಡು ಮಲಗುತ್ತಿದ್ದವನು ಅವನು. ನಿನ್ನನ್ನು ಎಲ್ಲಿಗೂ ಕಳಿಸುವುದಿಲ್ಲ, ನೆಲ ಒಡೆದು ಮತ್ತೆ ಹಾಕುತ್ತೇನೆ, ಅಲ್ಲಿಯವರೆಗೆ ನಮ್ಮ ಮಂಚದ ಮೇಲೆ ಮಲಗು ಎಂದ. ಎರಡೇ ಹನಿ ತಾನೇ ಎಂದೂ ಸೇರಿಸಿದ, ತನಗೇ ಧೈರ್ಯ ಹೇಳಿಕೊಳ್ಳಲು.

ಅಕ್ಕ ಶಾಲಿನೊಳಗಿನ ಕೈ ಹೊರತೆಗೆದು ಹನಿ ಒರೆಸಿದ ಕರವಸ್ತ್ರವನ್ನು ಅವನ ಅಂಗೈಯಲ್ಲಿಟ್ಟಳು. ಅದು ತೊಯ್ದು ಮುದ್ದೆಯಾಗಿತ್ತು. ಅವನು ಮೆಲ್ಲಗೆ ಹಿಂಡಿದ. ನೀರು ಬೆರಳ ಸಂದಿಯಿಂದಿಳಿದು ಹೊಸ ಸಿಮೆಂಟಿನ ಮೇಲೆ ತೊಟ್ಟಿಕ್ಕತೊಡಗಿತು.