ಬಾಗಿಲು ಬಾಗಿಲಿಗೂ ನಿಂತ ಅಮ್ಮ

ಬೆಟ್ಟದ ಮೇಲಿನ ಆ ಹಳೆಯ ಊರನ್ನು ನೋಡಬೇಕೆಂಬ ಆಸೆ ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದ ಅಮ್ಮನಿಗೆ ಬಹಳ ವರ್ಷದ್ದು. ಕೋಟೆಗೋಡೆಯೊಳಗೆ ಕಲ್ಲಿನ ಬೀದಿಗಳು, ಕೆತ್ತನೆಯ ಬಾಗಿಲುಗಳು. ಕೊನೆಗೂ ಮಗನಿಗೂ ಮಗಳಿಗೂ ಒಂದೇ ದಿನ ರಜೆ ಸಿಕ್ಕಿತು. ಮಗ ಬಾಡಿಗೆ ಕಾರು ತಂದು ಮನೆಮುಂದೆ ನಿಲ್ಲಿಸಿದ. ಸಂಜೆಯೊಳಗೆ ಅದನ್ನು ಹಿಂದಿರುಗಿಸಬೇಕಿತ್ತು.

ಹೊರಡುವಾಗ ಅಮ್ಮ ದವಡೆ ಒತ್ತಿಕೊಳ್ಳುವುದನ್ನು ಮಗಳು ಕಂಡಳು.

"ಯಾಕಮ್ಮಾ? ಡಾಕ್ಟ್ರ ಹತ್ರ ಹೋಗೋಣ್ವಾ?"

"ಹಲ್ಲುನೋವು ಕಣೇ. ನನ್ನ ಹಲ್ಲಿಗೋಸ್ಕರ ಎಲ್ಲರ ದಿನ ಹಾಳು ಮಾಡ್ಲಾ? ಹತ್ತು, ಹತ್ತು."

ಮಗಳಿಗೆ ಒಳಗೊಳಗೇ ಕಸಿವಿಸಿ. ಆದರೂ ಮಾತು ಬೆಳೆಸದೆ ಕಾರು ಹತ್ತಿದಳು.

ಕಾರು ಹೋಗುವುದು ಕೋಟೆಬಾಗಿಲವರೆಗೆ ಮಾತ್ರ. ಅಲ್ಲಿಂದ ಮುಂದೆ ಏರುಬೀದಿ. ಅಮ್ಮ ನಾಲ್ಕು ಹೆಜ್ಜೆ ಇಟ್ಟು ಒಂದು ಬಾಗಿಲ ಮುಂದೆ ನಿಂತಳು. ಇನ್ನು ನಾಲ್ಕು ಹೆಜ್ಜೆ, ಇನ್ನೊಂದು ಬಾಗಿಲು.

"ಮನೆ ಕೊಂಡ್ಕೊಳ್ಳೋರ ಹಾಗೆ ನೋಡ್ತಿದ್ದಾಳೆ ನೋಡೇ!" ಎಂದು ಮಗ ನಕ್ಕ.

"ನಿನ್ನ ಹೆಂಡ್ತಿ ಬಂದ್ಮೇಲೆ ನಂಗೆ ಬೇರೆ ಮನೆ ಬೇಕಾಗತ್ತಲ್ಲೋ!" ಎಂದು ಅಮ್ಮನೂ ನಕ್ಕಳು.

ತಣ್ಣನೆ ಗಾಳಿಯಲ್ಲೂ ಅವಳ ಕುತ್ತಿಗೆಯಲ್ಲಿ ಬೆವರಿಳಿಯುತ್ತಿತ್ತು. ಅವಳು ಸುಧಾರಿಸಿಕೊಳ್ಳಲು ನಿಲ್ಲುತ್ತಿದ್ದಾಳೆಂದು ಯಾರಿಗೂ ಹೊಳೆಯಲಿಲ್ಲ.

ಚೌಕದ ಕಟ್ಟೆ ಸಿಕ್ಕಿದ್ದೇ ಅಮ್ಮ ಕುಳಿತುಬಿಟ್ಟಳು. "ನೀವಿಬ್ರೂ ಒಂದು ಸುತ್ತು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ."

ಅವರು ಬರುವಷ್ಟರಲ್ಲಿ ಅವಳು ಪಕ್ಕಕ್ಕೆ ವಾಲಿದ್ದಳು. ಕರೆದರೆ ಓಗೊಡಲಿಲ್ಲ. ಹೊತ್ತುಕೊಂಡು ಇಳಿದರು, ಕಾರನ್ನು ಆಸ್ಪತ್ರೆಗೆ ಓಡಿಸಿದರು. ವೈದ್ಯರು ಹೃದಯಾಘಾತ ಎಂದರು. ಜೀವ ದಾರಿಯಲ್ಲೇ ಹೋಗಿತ್ತು.

ಕೆಲವು ವಾರಗಳು ಕಳೆದವು. ಅಮ್ಮ ಅರ್ಧಕ್ಕೆ ಬಿಟ್ಟುಹೋದ ಬಟ್ಟೆಗಳನ್ನು ಹೊಲಿದು ಮುಗಿಸಲು ಅವಳ ತಂಗಿ, ಚಿಕ್ಕಮ್ಮ, ಬಂದಳು. ಒಂದು ಮಧ್ಯಾಹ್ನ ತಾರಸಿಗೆ ಬಕೆಟ್ ಒಯ್ಯುವಾಗ ಮೆಟ್ಟಿಲ ಮೇಲೇ ಕುಸಿದು ಕುಳಿತಳು.

"ಏನಾಯ್ತು ಚಿಕ್ಕಮ್ಮಾ?"

"ಗ್ಯಾಸು ಕಣೇ. ಹತ್ತಿದ್ರೆ ಬೆನ್ನು ಹಿಡಿಯತ್ತೆ, ಕೂತ್ರೆ ಹೋಗತ್ತೆ."

ಮಗಳು ಓಡಿಹೋಗಿ ಪಕ್ಕದ ಮನೆಯ ನರ್ಸಕ್ಕನನ್ನು ಕರೆತಂದಳು.

"ಇದು ಹೃದಯದ್ದೂ ಇರ್ಬಹುದು, ಈಗ್ಲೇ ತೋರಿಸ್ಬೇಕು," ಎಂದಳು ನರ್ಸಕ್ಕ.

ಚಿಕ್ಕಮ್ಮ ಮುಖ ಸಿಂಡರಿಸಿದಳು. "ಎದೇನೇ ನೋಯ್ತಿಲ್ಲ, ಹೃದಯದ ಮಾತು ಯಾಕೆ? ಆಸ್ಪತ್ರೇಲಿ ಇದ್ದೂ ಇದ್ದೂ ನಿನಗೆ ಎಲ್ಲರೂ ರೋಗಿಗಳ ಹಾಗೇ ಕಾಣ್ತಾರೆ."

"ಬೈಯಿರಿ, ಪರವಾಗಿಲ್ಲ. ಆದ್ರೆ ಕೇಳಿ. ಹೆಂಗಸರಿಗೆ ಕೆಲವು ಸಲ ಎದೆ ನೋಯೋದೇ ಇಲ್ಲ. ದವಡೆ, ಬೆನ್ನು, ತೋಳು, ಹೊಟ್ಟೆ ಮೇಲ್ಭಾಗ ಹಿಡಿಯತ್ತೆ. ಉಸಿರು ಕಟ್ಟತ್ತೆ, ತಣ್ಣಗೆ ಬೆವರತ್ತೆ. ಗ್ಯಾಸೋ ಅಲ್ವೋ ಡಾಕ್ಟ್ರು ಹೇಳ್ಲಿ."

"ದವಡೇನಾ? ಹಾಗಾದ್ರೆ ಅಕ್ಕನ ಹಲ್ಲುನೋವು…"

ನರ್ಸಕ್ಕ ತಲೆಯಾಡಿಸಿದಳು. ಚಿಕ್ಕಮ್ಮ ಕಣ್ಣೊರೆಸಿಕೊಂಡಳು. "ಸರಿ, ಹೊಲಿಗೆ ಮುಗೀಲಿ. ನಾಳಿದ್ದು ಹೋಗೋಣ."

ಎಂದೂ ದನಿ ಏರಿಸದ ಮಗಳು ಅಂದು ಕೂಗಿಯೇಬಿಟ್ಟಳು: "ನಮ್ಮ ಒಂದು ದಿನ ಹಾಳಾಗತ್ತೆ ಅಂತ ಅಮ್ಮ ಸುಮ್ನಿದ್ಲು. ಈಗ ನಮ್ಗೆ ಯಾವ ದಿನ ನೆಟ್ಟಗಿದೆ ಹೇಳು?"

ಚಿಕ್ಕಮ್ಮ ಎದ್ದು ಚಪ್ಪಲಿ ಮೆಟ್ಟಿದಳು.

ಅವಳ ಹೃದಯದ ರಕ್ತನಾಳ ಕಿರಿದಾಗಿತ್ತು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕಿ ಉಳಿದಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ಮಗಳ ಕೈ ಬಿಡಲಿಲ್ಲ. "ಅಕ್ಕನೂ ಇರ್ಬೇಕಿತ್ತು ಕಣೇ," ಎಂದಳು. ಮಗಳು "ಹೂಂ" ಎಂದಳಷ್ಟೇ.

ಅಮ್ಮಂದಿರೇ, ಅಕ್ಕಂದಿರೇ, ಮೈ ಹೀಗೆ ಸೂಚನೆ ಕೊಟ್ಟರೆ ಆಗಲೇ ಮನೆಯವರಿಗೆ ಹೇಳಿ, ವೈದ್ಯರಿಗೆ ತೋರಿಸಿ. ನೋವು ಬಿಡದಿದ್ದರೆ, ತಣ್ಣನೆ ಬೆವರು ಬಂದರೆ, ನಡೆಯಬೇಡಿ. ಕುಳಿತಲ್ಲಿಗೇ ಆಂಬುಲೆನ್ಸ್ ಕರೆಸಿ. ಮಕ್ಕಳೇ, ಅಮ್ಮ ಎಷ್ಟೇ ಬೇಡವೆಂದರೂ ಕಾರನ್ನು ಆಸ್ಪತ್ರೆಯತ್ತ ತಿರುಗಿಸಿ. ಬೆಟ್ಟದ ಊರು ನೂರಾರು ವರ್ಷಗಳಿಂದ ಅಲ್ಲೇ ಇದೆ, ಮುಂದಿನ ತಿಂಗಳೂ ಇರುತ್ತದೆ.