ಹನ್ನೆರಡನೇ ದಿನದ ಕಾಯಿ

ಹನ್ನೆರಡನೇ ದಿನದ ಸಾಲಿನಲ್ಲಿ ನೀಲಿ ಗೆರೆ ಅಷ್ಟು ದಪ್ಪಗೆ ಇರಬಾರದಿತ್ತು. ದೀಪದ ಪೆಟ್ಟಿಗೆಯ ಮೇಲೆ ಹರಡಿದ್ದ, ಕಾಳಿನ ಪ್ರೋಟೀನುಗಳು ನೀಲಿ ಗೆರೆಗಳಾಗಿ ಮೂಡುವ ಜೆಲ್ಲಿನ ಹಾಳೆಯನ್ನು ಮೇಡಂ ಮೂರನೇ ಸಲ ಬಗ್ಗಿ ನೋಡಿದರು. ಬಟಾಣಿ ಗಿಡಕ್ಕೆ ಅವರು ಬೇರೊಂದು ಗಿಡದ ಜೀನ್ ಸೇರಿಸಿದ್ದರು. ಕಾಳು ಬಲಿಯುವಾಗ ಆ ಜೀನ್ ಒಂದು ಪ್ರೋಟೀನನ್ನು ಮಾಡಿ ಕಾಳಿನೊಳಗೆ ಕೂಡಿಡಬೇಕು. ಹೂ ಅರಳಿದ ಇಪ್ಪತ್ತನೇ ದಿನದ ಹೊತ್ತಿಗೆ ಕಾಣಬೇಕಾದ ಗೆರೆ ಅದು.

“ಎಂಟು ದಿನ ಮುಂಚೆ,” ಎಂದರು ಮೇಡಂ. “ಇಂಥದ್ದು ನಾನಂತೂ ನೋಡಿಲ್ಲ ಕಣೇ. ಸೋಮವಾರ ವರದಿ ಕಳಿಸ್ತೀನಿ. ನಿನ್ನ ಪತ್ರಕ್ಕೂ ಇವತ್ತೇ ಸಹಿ ಹಾಕ್ತೀನಿ, ಜ್ಞಾಪಿಸು.”

ಸಹಾಯಕಿ ತಲೆಯಾಡಿಸಿದಳು. ಸಂಜೆ ಕಾಲೇಜಿನಲ್ಲಿ ಆರು ವರ್ಷ ಓದಿದ್ದಕ್ಕೆ ಸಿಕ್ಕ ಗುತ್ತಿಗೆ ಕೆಲಸ. ಸಹಿ ಬಿದ್ದರೆ ಕಾಯಂ. ಖುಷಿಯಾಗಬೇಕಿತ್ತು. ಆದರೆ ಆ ಕಾಯಿಗಳನ್ನು ಬಿಡಿಸಿದ್ದು ಅವಳೇ. ಹನ್ನೆರಡು ದಿನದ ಕಾಯಿ ಚಪ್ಪಟೆಯಾಗಿರುತ್ತದೆ, ಅವು ಉಬ್ಬಿಕೊಂಡಿದ್ದವು. ಹೊಸ ಜೀನ್ ಅಲ್ಲವೇ, ಬೇಗ ಬಲಿತಿರಬಹುದು ಎಂದುಕೊಂಡು ಸುಮ್ಮನಾಗಿದ್ದಳು.

ಮೇಡಂ ಫೋನು ಹಿಡಿದು ಆಚೆ ಹೋದದ್ದೇ ಅವಳು ಚೀಟಿಗಳ ಡಬ್ಬಿ ತೆರೆದಳು. ಪ್ರಯೋಗಕ್ಕೆ ಆರಿಸಿದ ಹೂ ಅರಳಿದ ದಿನವೇ ಅದರ ತೊಟ್ಟಿಗೆ ತಾರೀಖಿನ ಚೀಟಿ ಕಟ್ಟುವುದು ಅವಳ ಕೆಲಸ. ಕಾಯಿ ಕಿತ್ತಾಗ ದಾರ ಕತ್ತರಿಸಿ ಚೀಟಿಯನ್ನು ಗಂಟಿನ ಸಮೇತ ತೆಗೆದಿಡುತ್ತಿದ್ದಳು. ಬರಹವೆಲ್ಲ ಅವಳದೇ. ಆದರೆ ಅವಳು ಹಾಕುವುದು ಒಂದೇ ಸುತ್ತಿನ ಸಡಿಲ ಗಂಟು. ಹನ್ನೆರಡನೇ ದಿನದ ಒಂಬತ್ತರಲ್ಲಿ ಆರು ಚೀಟಿಗಳಿಗೆ ಎರಡೆರಡು ಸುತ್ತು ಬಿದ್ದಿತ್ತು, ಬಳ್ಳಿಯನ್ನು ಕೋಲಿಗೆ ಬಿಗಿಯುವ ಗಂಟು.

ಹಾಗೆ ಬಿಗಿಯುವವನು ಗಿಡ ಬೆಳೆಸುವ ಗಾಜಿನ ಮನೆಯಲ್ಲಿ ಒಬ್ಬನೇ: ಮಾಲಿ, ಅವಳ ಸೋದರಮಾವ. ಇಲ್ಲಿ ಕೆಲಸ ಖಾಲಿ ಇದೆ ಎಂದು ಅವಳನ್ನು ಕರೆತಂದವನೂ ಅವನೇ. ಆ ಆರು ಚೀಟಿಗಳನ್ನು ಹಿಡಿದು ಅವಳು ಗಾಜಿನ ಮನೆಗೆ ಹೋದಳು.

“ಮಾವ, ನನ್ನ ಚೀಟಿ ಮುಟ್ಟಿದ್ಯಾ?”

ಅವನು ಕುಂಡದ ಮಣ್ಣು ಕೆದಕುತ್ತಲೇ ಇದ್ದ. “ನಾನ್ಯಾಕೆ ಮುಟ್ಲಿ? ಅದನ್ನ ಓದಕ್ಕೆ ಕನ್ನಡಕ ಬೇಕು, ಕಟ್ಟಕ್ಕೆ ಪದವಿ ಬೇಕು.”

“ಗಂಟು ನಿಂದು.”

“ಓಹೋ, ಗಂಟಿನ ಮೇಲೂ ಹೆಸರು ಬರ್ದಿರ್ತಾರಾ?”

ಅವಳು ಒಂದು ಚೀಟಿಯನ್ನು ಅವನ ಮುಂದೆ ಹಿಡಿದಳು. ಅವನ ಕೈ ನಿಂತಿತು.

“ನೀನು ರಜೆ ಹಾಕಿದ್ದ ದಿನ ಪೈಪಿನ ನೀರು ಜೋರಾಗಿ ಬಂತು. ಐದಾರು ಉದುರಿದ್ವು. ವಾಪಸ್ ಕಟ್ದೆ, ಅಷ್ಟೇ.”

“ಅಷ್ಟೇನಾ? ಯಾವ ಕಾಯಿಂದ ಬಿದ್ವು ಅಂತ ಗೊತ್ತಿತ್ತಾ?”

“ಅದೆಲ್ಲ ಯಾರು ನೋಡ್ತಾರೆ? ಚೀಟಿ ಇಲ್ಲದ ಕಾಯಲ್ಲಿ ಚೆನ್ನಾಗಿ ತುಂಬ್ಕೊಂಡಿರೋದನ್ನ ಹುಡುಕಿ ಹುಡುಕಿ ಕಟ್ದೆ. ನಿನ್ನ ಕೆಲಸ ಎದ್ದು ಕಾಣ್ಲಿ ಅಂತ.” ಕುಂಡವನ್ನು ಪಕ್ಕಕ್ಕೆ ಸರಿಸಿ ಕೇಳಿದ, “ಮೇಡಂಗೆ ಹೇಳ್ತೀಯಾ?”

ನಿಜ ಹೇಳುತ್ತಿದ್ದಾನೋ, ಇನ್ನೇನಾದರೂ ಮುಚ್ಚಿಡುತ್ತಿದ್ದಾನೋ ತಿಳಿಯಲಿಲ್ಲ. ಉದುರುವಷ್ಟು ಸಡಿಲವಾಗಿ ಕಟ್ಟಿದ್ದು ಮಾತ್ರ ತಾನೇ. ಅವಳು ಪ್ರಯೋಗಾಲಯದ ಒಳಗೆ ನಡೆದಳು.

ಮೇಡಂ ಪೆನ್ನಿನ ಮುಚ್ಚಳ ತೆಗೆದಿದ್ದರು. ಪತ್ರ ಮೇಜಿನ ಮೇಲಿತ್ತು.

“ಮೇಡಂ, ಚೀಟಿಗಳು ಅದಲುಬದಲಾಗಿವೆ. ಬಿದ್ದಿದ್ದನ್ನ ಬೇರೆ ಕಾಯಿಗೆ ಕಟ್ಟಿಬಿಟ್ಟಿದ್ದಾರೆ. ಅದು ಹನ್ನೆರಡು ದಿನದ ಕಾಳಲ್ಲ.”

“ಯಾರು ಕಟ್ಟಿದ್ದು?”

“ಸಡಿಲ ಬಿಟ್ಟಿದ್ದು ನಾನು.”

“ನಾನು ಕೇಳಿದ್ದು ಅದಲ್ಲ.”

ಅವಳು ಆರು ಚೀಟಿಗಳನ್ನು ಮೇಜಿನ ಮೇಲಿಟ್ಟಳು. ಮೇಡಂ ಪೆನ್ನು ಮುಚ್ಚಿದರು.

“ಹೋದ ವರ್ಷದ ಚೀಟಿಗಳು?”

“ಅವೆಲ್ಲ ಸರಿಯಾಗಿವೆ ಮೇಡಂ.”

“ಇದನ್ನೂ ಸರಿಯಾಗಿದೆ ಅಂತ ತಾನೇ ತಂದ್ಕೊಟ್ಟಿದ್ದು?”

ಅವರು ಎದ್ದು ಕಪಾಟಿನಿಂದ ಹೋದ ವರ್ಷದ ದಾಖಲೆ ಪುಸ್ತಕ ಇಳಿಸಿದರು. ಅವಳ ದುಂಡು ಅಕ್ಷರಗಳ ಮೇಲೆ ಬೆರಳಿಟ್ಟು, ಮೊದಲ ಪುಟದಿಂದ ಒಂದೊಂದೇ ತಾರೀಖು ಓದತೊಡಗಿದರು. ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಬಾಗಿಲ ಗಾಜಿನಾಚೆ ಮಾವ ಅಂಗೈಗೆ ಮೆತ್ತಿದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಬಾಗಿಲ ಹಿಡಿಕೆಯನ್ನು ಮುಟ್ಟದೆ ನಿಂತಿದ್ದ.